ಬುಕಿಂಗ್ ಇಲ್ಲದೆ ಅಕ್ಟೋಬರ್‌ಫೆಸ್ಟ್ ಟೆಂಟಿನಲ್ಲಿ ಜಾಗ ಸಿಗುತ್ತಾ?

ಅಕ್ಟೋಬರ್‌ಫೆಸ್ಟ್ ಬಿಯರ್ ಹಬ್ಬಕ್ಕೆ ಇಬ್ಬರೇ ಜರ್ಮನಿಯ ಮ್ಯೂನಿಕ್‌ಗೆ ಹೋಗ್ತಿದ್ದೀವಿ, ಟೇಬಲ್ ಬುಕ್ ಆಗಿಲ್ಲ, ಮಾಂಸ ತಿನ್ನಲ್ಲ ಅಂದಿದ್ದೀರಿ. ತಲೆ ಕೆಡಿಸಿಕೊಳ್ಳಬೇಡಿ. ಹಬ್ಬದ ಮೈದಾನಕ್ಕೂ ಬಿಯರ್ ಟೆಂಟುಗಳಿಗೂ ಪ್ರವೇಶ ಉಚಿತ. ಕಷ್ಟ ಆಗೋದು ದೊಡ್ಡ ಗುಂಪಿಗೆ. ಇಬ್ಬರಾದರೆ ಯಾರದಾದರೂ ಬೆಂಚಿನ ತುದಿಯಲ್ಲಿ ಕೇಳಿ ಕೂತುಬಿಡಬಹುದು. ವಾರದ ದಿನ, ಮಧ್ಯಾಹ್ನದೊಳಗೆ ಹೋಗಿ. ಟೆಂಟಿನೊಳಗೆ ಸೀಟು ಸಿಗದೆ ನಿಂತವರಿಗೆ ಸಾಮಾನ್ಯವಾಗಿ ಬಿಯರ್ ಕೊಡೋದಿಲ್ಲ.

ಒಂದು ಮಗ್ ಅಂದರೆ ಪೂರಾ 1 ಲೀಟರ್, ಆಲ್ಕೋಹಾಲ್ ಸುಮಾರು ಶೇ. 6. ಖಾಲಿ ಹೊಟ್ಟೆಯಲ್ಲಿ ಶುರು ಮಾಡಬೇಡಿ. ಊಟಕ್ಕೆ ‘ಕೇಸ್‌ಶ್ಪೆಟ್ಸ್ಲೆ’ ಕೇಳಿ: ಬಿಸಿ ಚೀಸ್‌ನಲ್ಲಿ ಕಲೆಸಿದ ಮೆತ್ತನೆಯ ಹಿಟ್ಟಿನ ತುಣುಕುಗಳು, ಮೇಲೆ ಕಂದಾಗಿ ಹುರಿದ ಈರುಳ್ಳಿ. ಆದರೆ ಹಿಟ್ಟಿಗೆ ಮೊಟ್ಟೆ ಬಿದ್ದಿರುತ್ತೆ. ಅದೂ ಬೇಡ ಅಂದ್ರೆ ತಟ್ಟೆಯಗಲದ ಪ್ರೆಟ್ಸೆಲ್ ಇದ್ದೇ ಇದೆ.

ಬ್ಯಾಕ್‌ಪ್ಯಾಕ್ ರೂಮಲ್ಲೇ ಬಿಡಿ, 3 ಲೀಟರ್‌ಗಿಂತ ದೊಡ್ಡ ಚೀಲವನ್ನು ಗೇಟಿನಲ್ಲೇ ತಡೀತಾರೆ. ಕೈಯಲ್ಲಿ ನಗದು ಇರಲಿ.