ಜೊಕಾಸ್ಟಾ ಸುಮ್ಮನೆ ನಿಂತಿರುವ ಹೊತ್ತು

ಪ್ರಶ್ನೆ: ನಮ್ಮ ಹವ್ಯಾಸಿ ತಂಡ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ‘ದೊರೆ ಈಡಿಪಸ್’ ನಾಟಕದ ತಾಲೀಮು ನಡೆಸುತ್ತಿದೆ. ನನ್ನದು ಜೊಕಾಸ್ಟಾ ಪಾತ್ರ. ಕೊರಿಂಥ್‌ನ ದೂತ ಬಂದು ಮಾತಾಡುವಾಗ ನಾನು ಬಹಳ ಹೊತ್ತು ಬಾಯಿ ಬಿಡದೆ ನಿಂತಿರಬೇಕು. ಆ ಜಾಗ ಎಳೆದಂತಾಗುತ್ತಿದೆ ಅಂತ ನಿರ್ದೇಶಕರು ಮಾತು ಕತ್ತರಿಸಿ ಹಿನ್ನೆಲೆ ಸಂಗೀತ ಹಾಕುವ ಯೋಚನೆಯಲ್ಲಿದ್ದಾರೆ. ಕಥೆ ಹೇಗೂ ಎಲ್ಲರಿಗೂ ಗೊತ್ತು. ಹಾಗಿದ್ದ ಮೇಲೆ ಇಲ್ಲಿ ಬಿಗಿ ಹುಟ್ಟುವುದಾದರೂ ಎಲ್ಲಿಂದ? ನಾನು ಏನು ಮಾಡುತ್ತ ನಿಂತಿರಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ದಯವಿಟ್ಟು ಕತ್ತರಿ ಹಾಕಬೇಡಿ ಅಂತ ನಿರ್ದೇಶಕರಿಗೆ ಹೇಳಿ. ನಾಟಕದ ಜೀವ ಇರುವುದೇ ಅಲ್ಲಿ.

ಈಡಿಪಸ್ ಅರಿಯದೆ ತನ್ನ ತಂದೆ ಲಾಯಸನನ್ನು ಕೊಂದು, ತಾಯಿ ಜೊಕಾಸ್ಟಾಳನ್ನೇ ಮದುವೆಯಾಗಿದ್ದಾನೆ ಎಂಬ ಕಥೆ ಗೊತ್ತಿರುವುದು ತೊಡಕೇ ಅಲ್ಲ. ಕರ್ಣ ಸಾಯುತ್ತಾನೆಂದು ಗೊತ್ತಿಲ್ಲದವರು ಯಾರೂ ಕರ್ಣಪರ್ವದ ಆಟಕ್ಕೆ ಬಂದಿರುವುದಿಲ್ಲ. ಆದರೂ ಬೆಳಗಿನ ಜಾವದವರೆಗೆ ಕೂತಿರುತ್ತಾರೆ. ಮುಂದೇನಾಗುತ್ತದೆ ಎಂಬ ಕುತೂಹಲ ಅವರಿಗಿಲ್ಲ. ರಂಗದ ಮೇಲಿರುವವರಿಗೆ ಅದು ಯಾವಾಗ ತಿಳಿಯುತ್ತದೆ, ಯಾರಿಗೆ ಮೊದಲು ತಿಳಿಯುತ್ತದೆ ಎಂಬುದರ ಮೇಲೆ ಅವರ ಕಣ್ಣು.

ಈಗ ನಿಮ್ಮ ದೃಶ್ಯಕ್ಕೆ ಬನ್ನಿ. ಗಂಡನ ಕಳವಳ ನೋಡಲಾರದೆ ಜೊಕಾಸ್ಟಾ ಹೂಮಾಲೆ, ಧೂಪ ಹಿಡಿದು ಅಪೊಲೊ ದೇವರಿಗೆ ಮೊರೆಯಿಡುತ್ತಾಳೆ. ಆ ಗಳಿಗೆಗೇ ದೂತ ಬರುತ್ತಾನೆ. ಕೊರಿಂಥ್‌ನ ರಾಜ ಪಾಲಿಬಸ್ (ಈಡಿಪಸ್ ತನ್ನ ತಂದೆಯೆಂದೇ ನಂಬಿದ್ದವನು) ತೀರಿಕೊಂಡ, ಇನ್ನು ಈಡಿಪಸ್ಸೇ ಅಲ್ಲಿಗೆ ದೊರೆ ಎನ್ನುತ್ತಾನೆ. ತಂದೆಯನ್ನು ಕೊಲ್ಲುತ್ತೀಯೆ ಎಂದ ದೇವವಾಣಿ ಸುಳ್ಳಾಯಿತಲ್ಲ ಎಂದು ಇಬ್ಬರಿಗೂ ನಿರಾಳ. ತಾಯಿಯನ್ನು ಮದುವೆಯಾಗುತ್ತೀಯೆ ಎಂದ ಮಾತಿನ ಭಯ ಮಾತ್ರ ಉಳಿದಿದೆ. ಅದನ್ನೂ ಕಳೆದುಬಿಡೋಣ ಅಂತ ಪಾಪ, ಆ ಮುದುಕ ಬಾಯಿ ಬಿಡುತ್ತಾನೆ: ಪಾಲಿಬಸ್ ನಿನ್ನ ಹೆತ್ತ ತಂದೆಯೇ ಅಲ್ಲ. ಸಮಾಧಾನ ಹೇಳಲು ಬಂದವನೇ ಅನಾಹುತಕ್ಕೆ ಬಾಗಿಲು ತೆಗೆಯುತ್ತಾನೆ. ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಕಥೆ ತಿರುಗಿಬೀಳುವುದಕ್ಕೆ ಉದಾಹರಣೆಯಾಗಿ ಎತ್ತಿಕೊಂಡದ್ದು ಇದನ್ನೇ.

ಇಲ್ಲಿಗೆ ಸ್ವಲ್ಪ ಮುಂಚೆಯೇ ನಿಮ್ಮ ಮಾತು ಮುಗಿದಿರುತ್ತದೆ. ಮೂಲದಲ್ಲಿ ಸುಮಾರು 70 ಸಾಲು ನಿಮಗೆ ಮಾತಿಲ್ಲ. ಆದರೆ ಆ ಸಾಲುಗಳನ್ನು ಪೆನ್ಸಿಲ್ ಹಿಡಿದು ಓದಿ ನೋಡಿ. ಮೊದಲು ‘ತಂದೆಯಲ್ಲ’ ಎಂಬ ಮಾತು. ಆಮೇಲೆ ಸಿಥೇರಾನ್ ಬೆಟ್ಟ, ಅಲ್ಲಿ ಸಿಕ್ಕ ಕೂಸು. ಆಮೇಲೆ ಚುಚ್ಚಿ ಬಿಗಿದಿದ್ದ ಕಾಲಿನ ಹರಡು. ಕೊನೆಗೆ, ಕೂಸನ್ನು ಕೈಗೆ ಕೊಟ್ಟವನು ಲಾಯಸನ ಆಳು. ಹಿಂದಿನ ದೃಶ್ಯದಲ್ಲಿ ನೀವೇ ಗಂಡನಿಗೆ ಹೇಳಿದ್ದೀರಿ: ಮೊದಲ ಗಂಡ ಲಾಯಸ್ ನಮ್ಮ ಮೂರು ದಿನದ ಮಗುವಿನ ಕಾಲು ಬಿಗಿದು ಬೆಟ್ಟಕ್ಕೆ ಎಸೆಸಿದ್ದ ಅಂತ. ಹಾಗಾಗಿ ಬೆಟ್ಟದ ಹೆಸರಿಗೆ ಅನುಮಾನ ಬರಬಹುದು, ಹರಡಿನ ಮಾತಿಗೆ ಉಸಿರು ಸಿಕ್ಕಿಕೊಳ್ಳಬೇಕು, ಲಾಯಸನ ಹೆಸರು ಬಿದ್ದಾಗ ತಪ್ಪಿಸಿಕೊಳ್ಳಲು ದಾರಿ ಉಳಿದಿರಬಾರದು. ನೀವು ಮಾಡಬೇಕಾದ್ದು ಇಷ್ಟು. ಕೈ ಹಿಸುಕುವುದು, ತಲೆ ಹಿಡಿದುಕೊಳ್ಳುವುದು ಬೇಡ. ಗ್ರೀಕ್ ನಟನಿಗೆ ಮುಖವಾಡವಿತ್ತು. ಅವನ ಕಣ್ಣೀರು ಯಾರಿಗೂ ಕಾಣುತ್ತಿರಲಿಲ್ಲ, ನಿಂತ ಭಂಗಿ ಮಾತ್ರ ಕಾಣುತ್ತಿತ್ತು.

ಪ್ರೇಕ್ಷಕರಿಗೆ ಮೊದಲೇ ಗೊತ್ತಿದ್ದ ಸತ್ಯ ಈಗ ರಂಗದ ಮೇಲೆ ಒಬ್ಬಳಿಗೆ ಗೊತ್ತಾಯಿತು. ಈಡಿಪಸ್ಸಿಗೆ ಮಾತ್ರ ಇನ್ನೂ ಇಲ್ಲ, ಅವನು ಉತ್ಸಾಹದಿಂದ ಕೆದಕುತ್ತಲೇ ಇದ್ದಾನೆ. ಎಲ್ಲ ತಿಳಿದವಳು ಪಕ್ಕದಲ್ಲೇ ನಿಂತಿದ್ದಾಳೆ. ಸಭಿಕರ ಹೊಟ್ಟೆ ತೊಳಸುವುದು ಈ ಅಂತರಕ್ಕೆ. ಸಂಗೀತ ಬಂದರೆ ಗಮನ ವಾದ್ಯದ ಕಡೆ ಹೋಗುತ್ತದೆ. ಹಾಗೆಯೇ, ನಿರ್ದೇಶಕರು ನಿಮ್ಮನ್ನು ಮೂಲೆಗೆ ಸರಿಸಿದ್ದರೆ ಕೇಳಿ ಮುಂದಕ್ಕೆ ಬನ್ನಿ. ಈಡಿಪಸ್ ಬೆನ್ನು ಹಾಕಿರಲಿ, ದೂತನನ್ನು ನೋಡುತ್ತಿರಲಿ. ಸಭಿಕರಿಗೆ ನೀವಿಬ್ಬರೂ ಒಟ್ಟಿಗೆ ಕಾಣಬೇಕು, ಅವನಿಗೆ ನೀವು ಕಾಣಬಾರದು.

ಕೊನೆಗೆ ಅವನು ತಿರುಗಿ ನಿಮ್ಮನ್ನೇ ಕೇಳುತ್ತಾನೆ. ವಿಚಾರಿಸಬೇಡ, ಬಿಟ್ಟುಬಿಡು ಎಂದು ಬೇಡಿಕೊಳ್ಳುತ್ತೀರಿ. ತಾನು ಹೀನ ಕುಲದವನೆಂದು ತಿಳಿದೀತು ಅಂತ ಇವಳಿಗೆ ನಾಚಿಕೆ ಎಂದುಕೊಳ್ಳುತ್ತಾನೆ ಅವನು! ಇಡೀ ನಾಟಕದಲ್ಲಿ ನನಗೆ ತೀರಾ ಕ್ರೂರವಾಗಿ ಕಾಣುವ ತಪ್ಪು ತಿಳಿವಳಿಕೆ ಇದು. ಇಲ್ಲಿ ಕಿರುಚಿದರೆ ಕೆಟ್ಟಿತು. ದನಿ ತಗ್ಗಿಸಿಯೇ ಹೇಳಿ, ಒಳಗೆ ಹೋಗುವಾಗ ಓಡಬೇಡಿ.

ಇನ್ನೊಂದು ಮಾತು. ನೀವು ಹೋದ ಮೇಲೆ ಮೇಳದವರು ಹಾಡುವ ಹಾಡನ್ನೂ ಉಳಿಸಿಕೊಳ್ಳಿ. ನಮ್ಮ ದೊರೆ ಯಾವುದೋ ದೇವರ ಮಗನಿರಬೇಕು ಎಂದು ಅವರು ಖುಷಿಯಿಂದ ಹಾಡುತ್ತಾರೆ. ಒಳಗೆ ನಿಮಗೇನಾಗುತ್ತಿದೆ ಎಂದು ಸಭಿಕರು ಊಹಿಸುತ್ತ ಕೂತಿರುತ್ತಾರೆ. ಆ ಹಾಡಿಗೊಂದು ಲೌಕಿಕ ಕಾರಣವೂ ಇತ್ತೆನ್ನಿ. ಸೊಫೊಕ್ಲಿಸ್‌ನ ಕಾಲದಲ್ಲಿ ಮಾತಿನ ಪಾತ್ರಗಳಿಗೆಲ್ಲ ಸೇರಿ ಮೂವರೇ ನಟರು. ಮುಂದಿನ ದೃಶ್ಯದಲ್ಲಿ ಈಡಿಪಸ್ ಮತ್ತು ದೂತನ ಜೊತೆ ಮುದಿ ಕುರಿಗಾಹಿ, ಅಂದರೆ ಕೂಸನ್ನು ಕೊಟ್ಟಿದ್ದ ಲಾಯಸನ ಆಳು, ಬೇಕು. ಜೊಕಾಸ್ಟಾ ಆಡಿದವನೇ ವೇಷ ಬದಲಿಸಿ ಆ ಕುರಿಗಾಹಿಯಾಗಿ ಬರಬೇಕಿತ್ತು, ಅದಕ್ಕೆ ಹಾಡಿನಷ್ಟಾದರೂ ಹೊತ್ತು ಬೇಡವೆ? ನಿಮ್ಮ ತಂಡದಲ್ಲಿ ಜನ ಕಡಿಮೆಯಿದ್ದರೆ ಆ ಪಾತ್ರವನ್ನೂ ನೀವೇ ಕೇಳಿ ನೋಡಿ.