ತಂಪು ಯಂತ್ರವಿರುವ ರೀಫರ್ ಕಂಟೇನರ್‌ನಲ್ಲಿ ಕಳಿಸಿದ ಕೊಡಗಿನ ಬೆಣ್ಣೆಹಣ್ಣು ದುಬೈ ತಲುಪುವಷ್ಟರಲ್ಲಿ ಮೆತ್ತಗಾಗುವುದೇಕೆ?

ಬಹುತೇಕ ಸಲ ತಪ್ಪು ಹಡಗಿನದಲ್ಲ, ಲೋಡ್ ಮಾಡಿದವರದು. ಬಿಸಿ ಹಣ್ಣನ್ನು ತಣಿಸುವ ಶಕ್ತಿ ರೀಫರ್‌ಗೆ ಅಷ್ಟಾಗಿ ಇಲ್ಲ. ತಣಿದದ್ದನ್ನು ಹಾಗೇ ಕಾಯುವುದಷ್ಟೇ ಅದರ ಕೆಲಸ. 25 ಡಿಗ್ರಿಯ ಹಣ್ಣು ತುಂಬಿದರೆ ಮಧ್ಯದ ಪೆಟ್ಟಿಗೆಗಳು ತಣಿಯಲು ದಿನಗಳೇ ಬೇಕು. ಅಷ್ಟರಲ್ಲಿ ಹಣ್ಣು ಉಸಿರಾಡುತ್ತ, ಮಾಗಿಸುವ ಎಥಿಲೀನ್ ಅನಿಲ ಬಿಡುತ್ತ ಮಾಗತೊಡಗುತ್ತದೆ. ಕೊಯ್ದ ದಿನವೇ ಶೀತಲ ಕೋಣೆಗೆ ಹಾಕಿ, ಲೋಡ್ ಮಾಡುವ ಮುನ್ನ ತಿರುಳಿಗೇ ಥರ್ಮಾಮೀಟರ್ ಚುಚ್ಚಿ ನೋಡಿ.

ತಾಪಮಾನ ತಳಿಯನ್ನು ನೋಡಿ ಇಡಬೇಕು. ಹಾಸ್ ಎಂಬ ತಳಿಗೆ 5ರಿಂದ 7 ಡಿಗ್ರಿ ಸಾಕು. ವೆಸ್ಟ್ ಇಂಡಿಯನ್ ಜಾತಿಯ ತೆಳು ಸಿಪ್ಪೆಯ ಹಣ್ಣಿಗೆ 12–13 ಬೇಕು, ಅದಕ್ಕಿಂತ ಬಹಳ ಕೆಳಗಿಳಿದರೆ ಶೀತದ ಹೊಡೆತಕ್ಕೆ ತಿರುಳು ಕಪ್ಪಾಗುತ್ತದೆ. ಕಾಫಿ ತೋಟದ ನಡುವೆ ಬೀಜದಿಂದ ಎದ್ದ ಮರಗಳ ಹಣ್ಣನ್ನೆಲ್ಲ ಬೆರೆಸಿ ಕಳಿಸಿದರೆ ಯಾವ ಸೆಟ್ಟಿಂಗೂ ಸರಿಹೋಗದು.

ಕಂಟೇನರ್ ಒಳಗೆ ತಂಪು ಗಾಳಿ ನೆಲದ ಗಾಡಿಗಳ ನಡುವಿಂದ ಮೇಲೇರುತ್ತದೆ. ಹಾಗಾಗಿ ಪೆಟ್ಟಿಗೆಯ ತಳದಲ್ಲೂ ಮೇಲೂ ತೂತಿರಲಿ, ಒಂದರ ಮೇಲೊಂದು ಸರಿಯಾಗಿ ಕೂರಲಿ. ಬಾಗಿಲ ಕಡೆ ನೆಲ ಖಾಲಿ ಉಳಿದರೆ ರಟ್ಟಿನಿಂದ ಮುಚ್ಚಿ, ಇಲ್ಲವಾದರೆ ಗಾಳಿ ಸುಲಭದ ದಾರಿ ಹಿಡಿದು ಹಣ್ಣನ್ನು ಬಿಟ್ಟುಹೋಗುತ್ತದೆ. ಒಳಗೋಡೆಯ ಮೇಲಿನ ಕೆಂಪು ಗೆರೆ ಮೀರಿ ಪೇರಿಸಬೇಡಿ. ತಾಜಾ ಗಾಳಿಯ ಕಿಂಡಿ ತೆರೆದಿರಲಿ, ಮುಚ್ಚಿದರೆ ಇಂಗಾಲದ ಡೈಆಕ್ಸೈಡ್ ಸೇರಿಕೊಳ್ಳುತ್ತದೆ. ಬಾಗಿಲು ತೆರೆದಿರುವಾಗ ಯಂತ್ರ ಆರಿಸಿ. ನಮ್ಮ ಮಳೆಗಾಲದ ಗಾಳಿ ಒಳನುಗ್ಗಿದರೆ ಗಾಳಿ ತಣಿಸುವ ಕಾಯಿಲ್ ಮೇಲೆ ಮಂಜುಗಟ್ಟಿ ಗಾಳಿಯೇ ಕಟ್ಟಿಹೋಗುತ್ತದೆ.

ಸಂಪಾಜೆ ಘಾಟಿ ಇಳಿದು ಮಂಗಳೂರು ಬಂದರು ಮುಟ್ಟುವವರೆಗೂ ಲಾರಿಯಲ್ಲಿ ರೀಫರ್ ಯಂತ್ರಕ್ಕೆ ವಿದ್ಯುತ್ ಕೊಡುವ ಜನರೇಟರ್ ಓಡುತ್ತಿರಬೇಕು.