ಕುಡಿಯುವವರಿಗೆ ನಿದ್ದೆ ಮಾತ್ರೆ ಹತ್ತದಿದ್ದರೆ ಡೋಸ್ ಜಾಸ್ತಿ ಮಾಡಬಹುದಾ?

ಅಪ್ಪ ಇಪ್ಪತ್ತು ವರ್ಷದಿಂದ ದಿನಾ ಕುಡಿಯುತ್ತಾರೆ, ಒಂದು ಅಲ್ಪ್ರಾಜೋಲಮ್ ಹತ್ತುತ್ತಿಲ್ಲ, ಎರಡು ಕೊಡಲಾ ಎಂದು ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ. ಕುಡಿದ ರಾತ್ರಿ ಡಾಕ್ಟರನ್ನು ಕೇಳದೆ ಒಂದನ್ನೂ ಕೊಡಬೇಡಿ. ನಾನು ಮೆಡಿಕಲ್ ಶಾಪ್‌ನಲ್ಲಿ ಫಾರ್ಮಸಿಸ್ಟ್. ಕೌಂಟರ್‌ನಲ್ಲಿ ಈ ಮಾತು ಆಗಾಗ ಬರುತ್ತದೆ.

ಮೆದುಳಿನ ಓಟಕ್ಕೆ ಬ್ರೇಕ್ ಹಾಕುವ ಗಾಬಾ ಅಂತ ಒಂದು ರಾಸಾಯನಿಕ ಇದೆ. ಮದ್ಯವೂ ಈ ಮಾತ್ರೆಯೂ ಅದಕ್ಕೇ ಬಲ ಕೊಡುತ್ತವೆ. ವರ್ಷಗಟ್ಟಲೆ ಕುಡಿದರೆ ಮೆದುಳು ಆ ಬಲಕ್ಕೆ ಒಗ್ಗಿಹೋಗುತ್ತದೆ. ಅದಕ್ಕೇ ಬೇರೆಯವರಿಗೆ ಗಾಢ ನಿದ್ದೆ ತರುವ ಮಾತ್ರೆ ನಿಮ್ಮ ಅಪ್ಪನಿಗೆ ನಾಟುತ್ತಿಲ್ಲ. ಆದರೆ ಉಸಿರಾಟ ನಡೆಸುವ ಭಾಗ ಅಷ್ಟು ಒಗ್ಗಿರುವುದಿಲ್ಲ. ನಿದ್ದೆಗೆ ಸಾಲದ ಡೋಸ್ ಉಸಿರಿಗೆ ಜಾಸ್ತಿಯಾಗಬಹುದು. ಲಿವರ್ ಕೆಟ್ಟಿದ್ದರಂತೂ ನಿನ್ನೆಯ ಮಾತ್ರೆ ಮೈಯಲ್ಲಿ ಇರುವಾಗಲೇ ಇವತ್ತಿನದು ಸೇರಿಕೊಳ್ಳುತ್ತದೆ.

ಕುಡಿದು ಬಂದ ನಿದ್ದೆ ನಡುರಾತ್ರಿ ಒಡೆಯುತ್ತದೆ. ಎಷ್ಟೋ ಜನ ಮಾತ್ರೆ ನುಂಗುವುದು ಆಗಲೇ. ಮದ್ಯ ಇನ್ನೂ ರಕ್ತದಲ್ಲೇ ಇರುತ್ತದೆ, ಅಲ್ವಾ? ಚೀಟಿ ಇಲ್ಲದೆ ಬಂದವರು ಅಲರ್ಜಿ ಮಾತ್ರೆ ಅವಿಲ್ ಆದರೂ ಕೊಡಿ ಅನ್ನುತ್ತಾರೆ. ಅದೂ ಮಂಪರು ತರುವುದೇ, ಮದ್ಯದ ಜೊತೆ ಅದೂ ಬೇಡ.

ಹಾಗಂತ ಮನೆಯಲ್ಲೇ ಕುಡಿತವನ್ನು ಒಮ್ಮೆಗೇ ನಿಲ್ಲಿಸಲೂ ಹೋಗಬೇಡಿ. ಬೆಳಿಗ್ಗೆ ಅಂಗಡಿ ತೆಗೆಯುವಷ್ಟರಲ್ಲಿ ಬಂದು ನಿಲ್ಲುವವರಿದ್ದಾರೆ. ಬೆವರಿರುತ್ತಾರೆ, ನೋಟು ಎಣಿಸಲಾಗದಷ್ಟು ಕೈ ನಡುಗುತ್ತಿರುತ್ತದೆ. ಅದು ರಾತ್ರಿಯ ಮದ್ಯ ಇಳಿದದ್ದರ ಲಕ್ಷಣ. ದಿನಾ ಕುಡಿಯುವವರು ದಿಢೀರನೆ ಬಿಟ್ಟರೆ ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಕೆಲವರಿಗೆ ದಿಕ್ಕು ತಪ್ಪಿ, ಇಲ್ಲದ್ದು ಕಾಣಿಸಲು ಶುರುವಾಗುತ್ತದೆ. ಅದು ಜೀವಕ್ಕೇ ಅಪಾಯ.

ಇದಕ್ಕೆ ಡಾಕ್ಟರ್ ಕೊಡುವುದೂ ಅಲ್ಪ್ರಾಜೋಲಮ್ ಜಾತಿಯದೇ ಔಷಧಿ. ಡಯಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್ ಕೊಡುತ್ತಾರೆ, ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್. ಆದರೆ ಮದ್ಯದ ಜೊತೆಗಲ್ಲ, ಮದ್ಯದ ಬದಲಿಗೆ. ಜೊತೆಗೆ ವಿಟಮಿನ್ ಬಿ1 ಕೊಟ್ಟು, ಈ ಔಷಧಿಯ ಡೋಸ್ ದಿನದಿಂದ ದಿನಕ್ಕೆ ಇಳಿಸುತ್ತಾರೆ. ಬಿಟ್ಟ ಮೇಲೂ ಕೆಲವು ವಾರ ನಿದ್ದೆ ಸರಿಹೋಗದೆ ಇರಬಹುದು, ಗಾಬರಿ ಬೇಡ.

ಬೆಂಗಳೂರಿನ ಹತ್ತಿರ ಇದ್ದರೆ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಬೇರೆ ಊರಿನವರಾದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ, ದುಡ್ಡು ತಗೊಳ್ಳದೆ ಮಾತಾಡುತ್ತಾರೆ. ಹೋಗುವಾಗ ಖಾಲಿ ಸ್ಟ್ರಿಪ್ ಒಯ್ಯಿರಿ, ದಿನಕ್ಕೆ ಎಷ್ಟು ಕುಡಿಯುತ್ತಾರೆ ಅನ್ನುವುದನ್ನು ಮುಚ್ಚಿಡಬೇಡಿ. ಅಷ್ಟರಲ್ಲಿ ಅಪ್ಪ ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ, ತುಟಿ ನೀಲಿಯಾದರೆ ಮಗ್ಗುಲಿಗೆ ಮಲಗಿಸಿ ತಕ್ಷಣ 108ಕ್ಕೆ ಕರೆ ಮಾಡಿ.